ಕಾಡಿನ ಬೇರು, ಹೊಲದ ಕಾಗದ: ಹಿಮಾಲಯದ ಚೋರಾ ಗಿಡವನ್ನು ಕಾನೂನು ಕಾಯುತ್ತಿದೆಯೇ?

ಜನವರಿಯ ನಡುವಿನಲ್ಲಿ, ನಾವು ಎಳ್ಳು-ಬೆಲ್ಲ ಹಂಚಿಕೊಳ್ಳುವ ದಿನಗಳಲ್ಲೇ, ಉತ್ತರಾಖಂಡದ ಬಾಗೇಶ್ವರದಲ್ಲಿ ಉತ್ತರಾಯಣಿ ಜಾತ್ರೆ ಸೇರುತ್ತದೆ. ಸರಯೂ ಮತ್ತು ಗೋಮತಿ ನದಿಗಳು ಕೂಡುವ ಆ ಊರಿಗೆ ಮೇಲಿನ ಕಣಿವೆಗಳ ಭೋಟಿಯಾ ವ್ಯಾಪಾರಿಗಳು ಉಣ್ಣೆಯ ಕಂಬಳಿಗಳ ಜೊತೆಗೆ ಒಣಗಿಸಿದ ಗಿಡಮೂಲಿಕೆಗಳನ್ನೂ ತರುತ್ತಾರೆ. ಅವುಗಳಲ್ಲಿ ಒಂದು, ಕಂದು ಬಣ್ಣದ ಸುಕ್ಕುಗಟ್ಟಿದ ಬೇರು. ಮುರಿದು ಮೂಗಿನ ಹತ್ತಿರ ಹಿಡಿದರೆ ಸೆಲರಿ ಸೊಪ್ಪಿನಂಥ ಘಾಟು, ಅದರ ಹಿಂದೆಯೇ ಸಿಹಿ ಬೆರೆತ ಇನ್ನೊಂದು ವಾಸನೆ. ಕುಮಾವೂನಿನವರು ಇದನ್ನು ಗಂದ್ರಾಯಣಿ ಎನ್ನುತ್ತಾರೆ. ಗಢವಾಲ ಮತ್ತು ಹಿಮಾಚಲದ ಕಡೆ ಚೋರಾ, ಚೋರು ಎಂಬ ಹೆಸರುಗಳಿವೆ. ಅಲ್ಲಿನ ಮನೆಗಳಲ್ಲಿ ರಾಜ್ಮಾ ಅಥವಾ ಹುರುಳಿ ಬೇಯಿಸಿದಾಗ ಈ ಬೇರನ್ನು ಚಿಟಿಕೆಯಷ್ಟು ಪುಡಿ ಮಾಡಿ ಹಾಕುತ್ತಾರೆ. ರುಚಿ ಬರುತ್ತದೆ, ಹೊಟ್ಟೆಯುಬ್ಬರವೂ ಇಳಿಯುತ್ತದೆ ಎಂಬುದು ಅವರ ಅನುಭವ. ನಮ್ಮ ಅಡುಗೆಮನೆಯಲ್ಲಿ ಇಂಗು ಮಾಡುವ ಕೆಲಸವನ್ನೇ ಅಲ್ಲಿ ಇದು ಮಾಡುತ್ತದೆ.

ಇಂಗು ಮತ್ತು ಚೋರಾ ಹತ್ತಿರದ ನೆಂಟರೂ ಹೌದು. ಎರಡೂ ಗಜ್ಜರಿಯ ಕುಟುಂಬಕ್ಕೆ ಸೇರಿದವು. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಬಸಿಗೆ, ನಮ್ಮ ಗದ್ದೆಯ ಬದುವಿನ ಒಂದೆಲಗ ಎಲ್ಲವೂ ಅದೇ ಕುಟುಂಬದವು. ಚೋರಾದ ಸಸ್ಯಶಾಸ್ತ್ರೀಯ ಹೆಸರು ಆಂಜೆಲಿಕಾ ಗ್ಲಾಕಾ. ಪಶ್ಚಿಮ ಹಿಮಾಲಯದಲ್ಲಿ ಸುಮಾರು 2,000 ಮೀಟರಿನಿಂದ 3,800 ಮೀಟರಿನವರೆಗೆ, ಕಾಡಿನ ಅಂಚಿನ ನೆರಳಿನಲ್ಲಿ, ತೊರೆಗಳ ಪಕ್ಕದ ತೇವ ಮಣ್ಣಿನಲ್ಲಿ ಬೆಳೆಯುತ್ತದೆ. ಒಳಗೆ ಟೊಳ್ಳಾದ ಕಾಂಡ ಆಳೆತ್ತರಕ್ಕೆ ಬರುತ್ತದೆ. ಎಲೆಯ ಮೇಲ್ಭಾಗ ಕಡು ಹಸಿರು, ತಿರುಗಿಸಿದರೆ ಬೂದಿ ಬಳಿದಂಥ ಬಿಳುಪು. ಮಳೆಗಾಲದಲ್ಲಿ ಕೊಡೆಯಾಕಾರದ ಗೊಂಚಲುಗಳಲ್ಲಿ ಸಣ್ಣ ಬಿಳಿ ಹೂಗಳು ಬಿಡುತ್ತವೆ. ಚಳಿ ಬಂದಾಗ ಮೇಲಿನದೆಲ್ಲ ಒಣಗಿ ಬೀಳುತ್ತದೆ. ಗಿಡದ ಜೀವ ನೆಲದೊಳಗಿನ ಬೇರಿಗೆ ಇಳಿದು, ಹಿಮದಡಿ ತಿಂಗಳುಗಟ್ಟಲೆ ಕಾದು, ವಸಂತದಲ್ಲಿ ಮತ್ತೆ ಚಿಗುರುತ್ತದೆ.

ಮಾರುಕಟ್ಟೆಗೆ ಬೇಕಾದದ್ದೂ ಆ ಬೇರೇ. ತೊಂದರೆಯ ಮೂಲ ಇರುವುದು ಇಲ್ಲಿ. ಎಲೆಯನ್ನೋ ಹಣ್ಣನ್ನೋ ಕೊಯ್ದರೆ ಗಿಡ ಉಳಿದುಕೊಳ್ಳುತ್ತದೆ, ಬೇರು ಕಿತ್ತರೆ ಗಿಡವೇ ಹೋಗುತ್ತದೆ. ವಿಶ್ವ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಚೋರಾ ಅಳಿವಿನ ಅಪಾಯದಲ್ಲಿರುವ ಸಸ್ಯವೆಂದು ದಾಖಲಾಗಿದೆ. ಭಾರತದ ಇಂಥ ಎಷ್ಟೋ ಔಷಧೀಯ ಸಸ್ಯಗಳ ಸ್ಥಿತಿಗತಿಯನ್ನು ಅಳೆಯುವ ಕೆಲಸದಲ್ಲಿ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನಕ್ಕಾಗಿ ದುಡಿಯುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ವಿಜ್ಞಾನಿಗಳು ದಶಕಗಳಿಂದ ಮುಂದಾಳುಗಳಾಗಿದ್ದಾರೆ. ಹಿಮಾಲಯದ ಬೇರಿನ ಕಥೆಗೆ ಕರ್ನಾಟಕದ ನಂಟು ಅಲ್ಲಿಂದಲೇ ಶುರುವಾಗುತ್ತದೆ. ಅದು ಅಷ್ಟಕ್ಕೇ ಮುಗಿಯುವುದಿಲ್ಲ ಎಂಬುದಕ್ಕೆ ಮುಂದೆ ಬರುತ್ತೇನೆ.

ಬೇರು ಕೀಳುವುದು ಅಪರಾಧವೆಂದು ನಾನು ಬರೆಯುತ್ತಿಲ್ಲ. ಆ ಕಣಿವೆಗಳ ಜನ ತಲೆತಲಾಂತರದಿಂದ ಚೋರಾ ಅಗೆದಿದ್ದಾರೆ, ಗಿಡವೂ ಉಳಿದು ಬಂದಿದೆ. ಅಗೆಯುವ ಹೊತ್ತು ಯಾವುದು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಬೀಜ ಮಾಗಿ ಉದುರಿದ ಮೇಲೆ, ಅಂದರೆ ಮಳೆ ನಿಂತು ಚಳಿ ಹತ್ತುವ ಹೊತ್ತಿಗೆ, ಎಲೆ ಹಳದಿಯಾದ ಗಿಡವನ್ನು ಅಗೆದರೆ ಬೇರು ತುಂಬಿಕೊಂಡಿರುತ್ತದೆ, ಮುಂದಿನ ಪೀಳಿಗೆಯ ಬೀಜವೂ ನೆಲ ಸೇರಿರುತ್ತದೆ. ಬೇರಿನ ಮೇಲ್ತುದಿಯಲ್ಲಿ ಮೊಗ್ಗಿರುವ ತುಂಡನ್ನು ಕತ್ತರಿಸಿ ಅದೇ ಗುಂಡಿಯಲ್ಲಿ ಮಣ್ಣು ಮುಚ್ಚಿ ಬಂದರೆ ಅದು ಮತ್ತೆ ಚಿಗುರುವ ಸಾಧ್ಯತೆಯೂ ಇದೆ. ಹೂ ಬಿಡುವ ಮೊದಲೇ ಅಗೆದರೆ ಬೀಜವೂ ಇಲ್ಲ, ಗಿಡವೂ ಇಲ್ಲ, ಬೇರಿಗೆ ತೂಕವೂ ಇಲ್ಲ.

ಹಾಗಿದ್ದರೂ ಜನ ಮೊದಲೇ ಏಕೆ ಅಗೆಯುತ್ತಾರೆ? ಕಾಯಲು ಅವರಿಗೆ ಕಾರಣವೇ ಇಲ್ಲದಿರುವುದರಿಂದ. ಕಾಡು ಯಾರದ್ದೂ ಅಲ್ಲದಂತೆ, ಅಥವಾ ಎಲ್ಲರದ್ದೂ ಆದಂತೆ ಇರುವ ಕಡೆ, ಇವತ್ತು ನಾನು ಬಿಟ್ಟು ಬಂದ ಗಿಡವನ್ನು ನಾಳೆ ಇನ್ನೊಬ್ಬ ಅಗೆಯುತ್ತಾನೆ. ಅವನು ಪಕ್ಕದೂರಿನವನಿರಬಹುದು, ಗುತ್ತಿಗೆದಾರ ಹೊರಗಿನಿಂದ ಕರೆತಂದ ಕೂಲಿಯಿರಬಹುದು. ಕಾದವನಿಗೆ ನಷ್ಟ, ಮುನ್ನುಗ್ಗಿದವನಿಗೆ ಲಾಭ. ಇಂಥ ಏರ್ಪಾಡಿನಲ್ಲಿ ಎಷ್ಟು ಒಳ್ಳೆಯ ಮನುಷ್ಯನೂ ಆಗಸ್ಟಿನಲ್ಲೇ ಗುದ್ದಲಿ ಹಿಡಿಯುತ್ತಾನೆ. ಹಳ್ಳಿಗರ ದುರಾಸೆಯಿಂದ ಗಿಡ ನಾಶವಾಯಿತು ಎಂದು ಪಟ್ಟಣದ ಸಭೆಗಳಲ್ಲಿ ಯಾರಾದರೂ ಹೇಳಿದಾಗ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ.

ಚೋರಾ ನಿಧಾನದ ಗಿಡ. ಬೀಜ ಮೊಳೆಯಲು ತಂಪಿನ ಅವಧಿ ಬೇಕು, ಹೆಚ್ಚು ದಿನ ಇಟ್ಟರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹೊಲದಲ್ಲಿ ಆರೈಕೆ ಮಾಡಿ ಬೆಳೆಸಿದರೂ ಕೀಳುವಷ್ಟು ಬೇರು ಬರಲು ಮೂರು ವರ್ಷವಾದರೂ ಬೇಕು. ಕಾಡಿನ ನೆರಳಿನಲ್ಲಿ ಇನ್ನೂ ಹೆಚ್ಚು. ಒಂದು ಇಳಿಜಾರನ್ನು ಖಾಲಿ ಮಾಡಲು ಒಂದು ಮಧ್ಯಾಹ್ನ ಸಾಕು, ಅದು ತುಂಬಿಕೊಳ್ಳಲು ವರ್ಷಗಳೇ ಬೇಕು.

ಇನ್ನು ಕೊಳ್ಳುವವರ ಕಡೆ ನೋಡೋಣ. ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಗಾಗಿ ಸಿದ್ಧಪಡಿಸಿ 2017ರಲ್ಲಿ ಪ್ರಕಟವಾದ ವರದಿಯ ಪ್ರಕಾರ ದೇಶದಲ್ಲಿ 1,178 ಔಷಧೀಯ ಸಸ್ಯಗಳು ವ್ಯಾಪಾರದಲ್ಲಿವೆ. ಅವುಗಳಲ್ಲಿ 242 ಸಸ್ಯಗಳಿಗೆ ವರ್ಷಕ್ಕೆ ನೂರು ಟನ್ನಿಗೂ ಮೀರಿದ ಬೇಡಿಕೆಯಿದೆ. 2014-15ರಲ್ಲಿ ಒಟ್ಟು ಬೇಡಿಕೆ ಸುಮಾರು 5,12,000 ಟನ್ ಎಂದು ಆ ವರದಿ ಅಂದಾಜಿಸಿತ್ತು. ಆಯುರ್ವೇದದ ಉತ್ಪನ್ನಗಳ ಪೇಟೆ ಆಮೇಲೆ ಬೆಳೆದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ, ಅದರಲ್ಲೂ ಕೊರೊನಾ ವರ್ಷಗಳಲ್ಲಿ. ಹಿಮಾಲಯದ ಬೇರುಗಳು ರಾಮನಗರ, ಟನಕಪುರ, ಋಷಿಕೇಶದ ಮಂಡಿಗಳಿಗೆ, ಹಿಮಾಚಲದಿಂದ ಅಮೃತಸರಕ್ಕೆ, ಕೊನೆಗೆ ದಿಲ್ಲಿಯ ಖಾರಿ ಬಾವಲಿಗೆ ಇಳಿಯುತ್ತವೆ. ಅಲ್ಲಿಂದ ಕಾರ್ಖಾನೆಗಳಿಗೆ, ನಮ್ಮೂರಿನ ಗ್ರಂಧಿಗೆ ಅಂಗಡಿಗಳಿಗೆ. ಚೋರಾದ ಬೇರು ಔಷಧಕ್ಕಷ್ಟೇ ಅಲ್ಲದೆ ಸುಗಂಧ ತೈಲಕ್ಕೂ ಬೇಕು. ಅದರ ವಾಸನೆಗೆ ಮುಖ್ಯ ಕಾರಣವಾದ ಲಿಗುಸ್ಟಿಲೈಡ್ ಬಗೆಯ ರಾಸಾಯನಿಕಗಳು ಚೀನಾದ ಪ್ರಸಿದ್ಧ ಆಂಜೆಲಿಕಾ ಬೇರಿನಲ್ಲಿಯೂ ಇವೆ.

ಮಂಡಿಯ ಗೋಣಿಚೀಲದೊಳಗೆ ಒಮ್ಮೆ ಇಣುಕಿ ನೋಡಬೇಕು. ಕತ್ತರಿಸಿ ಒಣಗಿಸಿದ ತುಂಡುಗಳು. ಇವುಗಳಲ್ಲಿ ಯಾವುದು ಕುಮಾವೂನಿನ ಮುನಸಿಯಾರಿಯ ಹಿತ್ತಲಿನದು, ಯಾವುದು ಹಿಮಾಚಲದ ಚಂಬಾದ ಕಾಡಿನದು ಎಂದು ಕಣ್ಣಿನಿಂದ ಹೇಳಲು ಸಾಧ್ಯವಿಲ್ಲ. ಅದೇ ಕುಟುಂಬದ ಬೇರೆ ಗಿಡಗಳ ಬೇರುಗಳೂ ಚೋರಾದ ಹೆಸರಿನಲ್ಲಿ ಬೆರೆತು ಬರುವುದುಂಟು. ಈ ಕುಟುಂಬದಲ್ಲಿ ಕೊತ್ತಂಬರಿಯಂಥ ಸಾಧು ಗಿಡಗಳ ಜೊತೆಗೆ ಹೆಮ್ಲಾಕ್‌ನಂಥ ಕಡುವಿಷದ ಗಿಡಗಳೂ ಇರುವುದರಿಂದ, ಯಾವ ಬೇರು ಎಲ್ಲಿಂದ ಬಂತು ಎಂಬ ಪ್ರಶ್ನೆ ಕೊಳ್ಳುವವರ ಆರೋಗ್ಯಕ್ಕೂ ಸಂಬಂಧಿಸಿದ್ದು. ಕಾಡಿನದೋ ಹೊಲದ್ದೋ ಎಂಬ ವ್ಯತ್ಯಾಸ ಬೇರಿನ ಮೇಲೆ ಬರೆದಿರುವುದಿಲ್ಲ. ಅದು ಇರುವುದು ಜೊತೆಗೆ ಬರುವ ಕಾಗದದಲ್ಲಿ ಮಾತ್ರ. ನಮ್ಮ ಹೊಸ ಕಾನೂನು ತನ್ನ ಬಹುಪಾಲು ಭಾರವನ್ನು ಆ ಕಾಗದದ ಮೇಲೆಯೇ ಹೊರಿಸಿದೆ.

ಕಾನೂನಿನ ಹಿನ್ನೆಲೆಯನ್ನು ಸ್ವಲ್ಪ ಹೇಳಲೇಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಮೂಲ ಆಶಯ ಸರಳವಾಗಿತ್ತು: ಸ್ಥಳೀಯ ಜನ ಕಾಪಾಡಿಕೊಂಡು ಬಂದ ಸಸ್ಯಸಂಪತ್ತನ್ನು ಯಾರಾದರೂ ವ್ಯಾಪಾರಕ್ಕೆ ಬಳಸಿದರೆ ಲಾಭದ ಒಂದು ಪಾಲು ಆ ಜನರಿಗೆ ಹಿಂದಿರುಗಬೇಕು. ವಿದೇಶಿ ಕಂಪನಿಗಳಿಗೆ ಇದು ಅನ್ವಯಿಸುತ್ತದೆ ಎಂಬುದರಲ್ಲಿ ತಕರಾರಿರಲಿಲ್ಲ. ಭಾರತೀಯ ಕಂಪನಿಗಳೂ ಪಾಲು ಕೊಡಬೇಕೇ ಎಂಬ ಪ್ರಶ್ನೆ, ಬಾಬಾ ರಾಮದೇವ್ ಬಳಗದ ಆಯುರ್ವೇದ ಔಷಧ ಸಂಸ್ಥೆಯಾದ ದಿವ್ಯ ಫಾರ್ಮಸಿಯ ಮೊಕದ್ದಮೆಯಲ್ಲಿ ಉತ್ತರಾಖಂಡ ಹೈಕೋರ್ಟಿನ ಮುಂದೆ ಬಂತು. 2018ರ ಡಿಸೆಂಬರ್ 21ರಂದು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು, ಕೊಡಬೇಕು ಎಂದು ತೀರ್ಪಿತ್ತರು. ಲಾಭ ಹಂಚಿಕೆಯ ಹಕ್ಕು ಸ್ಥಳೀಯ ಸಮುದಾಯಗಳದ್ದು, ಬಳಸುವವರು ದೇಶದೊಳಗಿನವರೋ ಹೊರಗಿನವರೋ ಎಂಬುದರಿಂದ ಆ ಹಕ್ಕು ಬದಲಾಗುವುದಿಲ್ಲ ಎಂಬುದು ತೀರ್ಪಿನ ಸಾರ. ಹಿಮಾಲಯದ ಹಳ್ಳಿಗಳ ಪಾಲಿಗೆ ಅದು ದೊಡ್ಡ ಗೆಲುವಾಗಿತ್ತು.

ಐದು ವರ್ಷ ತುಂಬುವ ಮೊದಲೇ ಕಾಯ್ದೆಗೆ ತಿದ್ದುಪಡಿ ಬಂತು. 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, 2024ರ ಏಪ್ರಿಲ್ 1ರಿಂದ ಜಾರಿಯಾಯಿತು. ಹೊಸ ಏಳನೆಯ ಸೆಕ್ಷನ್ ಈ ಹೊಣೆಯಿಂದ ಎರಡು ಮುಖ್ಯ ವಿನಾಯಿತಿಗಳನ್ನು ಕೊಡುತ್ತದೆ. ಒಂದು, ಗ್ರಂಥಸ್ಥವಾದ ಸಾಂಪ್ರದಾಯಿಕ ಜ್ಞಾನಕ್ಕೆ. ಇನ್ನೊಂದು, ಕೃಷಿ ಮಾಡಿದ ಔಷಧೀಯ ಸಸ್ಯಗಳು ಮತ್ತು ಅವುಗಳ ಉತ್ಪನ್ನಗಳಿಗೆ. ಊರಿನ ಬೆಳೆಗಾರರು, ಜೀವನೋಪಾಯಕ್ಕಾಗಿ ಚಿಕಿತ್ಸೆ ನೀಡುವ ವೈದ್ಯರು, ಹಕೀಮರು ಕೂಡ ಹೊರಗುಳಿಯುತ್ತಾರೆ. ಅವರ ಬಗ್ಗೆ ಯಾರೂ ತಕರಾರು ಮಾಡಲಾರರು, ನಾನೂ ಮಾಡುವುದಿಲ್ಲ. ಹಿಂದೆ ಜೈಲು ಶಿಕ್ಷೆಗೆ ಅವಕಾಶವಿದ್ದ ಉಲ್ಲಂಘನೆಗಳಿಗೆ ಈಗ ದಂಡ ಮಾತ್ರ.

ಮೊದಲ ವಿನಾಯಿತಿಯನ್ನು ಚೋರಾಕ್ಕೆ ಹಚ್ಚಿ ನೋಡೋಣ. ಚರಕ ಸಂಹಿತೆಯಲ್ಲಿ ಸಂಜ್ಞಾಸ್ಥಾಪನ ಗಣವೆಂದು, ಅಂದರೆ ಪ್ರಜ್ಞೆ ಮರಳಿಸುವ ಔಷಧಗಳ ಗುಂಪೆಂದು, ಹೇಳಿರುವ ಹತ್ತು ದ್ರವ್ಯಗಳಲ್ಲಿ ಚೋರಕವೂ (ಚೋರಾದ ಸಂಸ್ಕೃತ ಹೆಸರು) ಇದೆ, ಇಂಗಿನ ಜೊತೆಯಲ್ಲೇ. ಎಂದರೆ ಈ ಬೇರಿನ ಔಷಧ ಜ್ಞಾನ ಗ್ರಂಥಸ್ಥವಾದದ್ದೇ. ಜ್ಞಾನಕ್ಕೆ ವಿನಾಯಿತಿ ಸಿಕ್ಕರೆ ಆ ಜ್ಞಾನದ ಆಧಾರದ ಮೇಲೆ ಕಾಡಿನಿಂದ ತೆಗೆದ ಬೇರಿಗೂ ಸಿಗುತ್ತದೆಯೇ? ಸಾವಿರ ಕೋಟಿ ವಹಿವಾಟಿನ ಕಂಪನಿಗೂ ಅದು ಅನ್ವಯಿಸುತ್ತದೆಯೇ? ಜ್ಞಾನ ಬೇರೆ, ಬೇರು ಬೇರೆ ಎಂದು ಒಂದು ಪಕ್ಷ ವಾದಿಸುತ್ತದೆ. ಎರಡನ್ನೂ ಬೇರ್ಪಡಿಸಿದರೆ ವಿನಾಯಿತಿಗೆ ಅರ್ಥವೇ ಉಳಿಯುವುದಿಲ್ಲ ಎಂದು ಇನ್ನೊಂದು ಪಕ್ಷ. ನನ್ನ ಮಟ್ಟಿಗೆ ಮೊದಲನೆಯದೇ ಸರಿ. ಚರಕನ ಶ್ಲೋಕವನ್ನು ಲಕ್ಷ ಜನ ಓದಿದರೂ ಅದು ಸವೆಯುವುದಿಲ್ಲ. ಚೋರಾದ ಇಳಿಜಾರು ಸವೆಯುತ್ತದೆ. ಕಾನೂನು ಕಾಯಬೇಕಾದದ್ದು ಸವೆಯುವ ವಸ್ತುವನ್ನು.

ಎರಡನೆಯ ವಿನಾಯಿತಿಯ ಹಿಂದಿನ ಉದ್ದೇಶ ಒಳ್ಳೆಯದು ಎಂಬುದನ್ನು ಒಪ್ಪಲೇಬೇಕು. ಹೊಲದಲ್ಲಿ ಬೆಳೆದರೆ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ, ಆದ್ದರಿಂದ ಬೆಳೆದ ಬೇರಿಗೆ ರಿಯಾಯಿತಿ ಇರಲಿ. ಹೊಲದ ಬೇರು ಎಂದು ಸಾಬೀತು ಮಾಡಲು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲ ಪ್ರಮಾಣಪತ್ರ ಬೇಕು. ಈ ಸಮಿತಿಗಳು ಹುಟ್ಟಿದ ಬಗೆಯನ್ನು ನೆನಪಿಸಿಕೊಂಡರೆ ಸಮಾಧಾನ ಆಗುವುದಿಲ್ಲ. ಪ್ರತಿ ಪಂಚಾಯಿತಿ, ಪಟ್ಟಣ ಸಂಸ್ಥೆಯಲ್ಲೂ ಸಮಿತಿ ಇರಬೇಕೆಂದು ಕಾಯ್ದೆ ಹೇಳಿದರೂ ಬಹುತೇಕ ರಾಜ್ಯಗಳು ವರ್ಷಗಟ್ಟಲೆ ಸುಮ್ಮನಿದ್ದವು. 2020ರ ಜನವರಿ 31ರೊಳಗೆ ಕೆಲಸ ಮುಗಿಸದಿದ್ದರೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗದರಿಸಿದ ಮೇಲೆ ದೇಶದಾದ್ಯಂತ ಎರಡೂವರೆ ಲಕ್ಷಕ್ಕೂ ಹೆಚ್ಚು ಸಮಿತಿಗಳು ರಚನೆಯಾದವು. ಅವಸರದಲ್ಲಿ ಹುಟ್ಟಿದ ಸಮಿತಿಗಳಲ್ಲಿ ಎಷ್ಟೋ ಕಡೆ ತಾವು ಸದಸ್ಯರೆಂದು ಸದಸ್ಯರಿಗೇ ಸರಿಯಾಗಿ ತಿಳಿದಿರುವುದಿಲ್ಲ. ಚಳಿಗಾಲದಲ್ಲಿ ಊರೇ ಕೆಳಗಿನ ಕಣಿವೆಗೆ ವಲಸೆ ಹೋಗುವ ಕಡೆ, ಯಾರ ಹೊಲದಲ್ಲಿ ಎಷ್ಟು ಚೋರಾ ಬೆಳೆಯಿತೆಂದು ಅಳೆದು ನೋಡುವವರು ಯಾರು?

ದಲ್ಲಾಳಿಯ ಕಣ್ಣಿನಿಂದ ಒಮ್ಮೆ ನೋಡಿ. ಅವನ ಬಳಿ ಹೊಲದ ಬೇರು ಒಂದಿಷ್ಟಿದೆ, ಕಾಡಿನ ಬೇರು ಅದರ ಹಲವು ಪಟ್ಟಿದೆ. ಪ್ರಮಾಣಪತ್ರ ಹೊಲದ ಬೇರಿಗೆ ಸಿಗುತ್ತದೆ. ಗೋಣಿಚೀಲದೊಳಗೆ ಎರಡೂ ಒಂದೇ. ಕಾಗದದ ಮೇಲೆ ತೂಕವನ್ನು ತುಸು ಹಿಗ್ಗಿಸಿದರೆ ಕಾಡಿನ ಬೇರೂ ಹೊಲದ ಬೇರಾಗುತ್ತದೆ. ಹಿಂದೆ ಈ ಸುಳ್ಳಿನಿಂದ ಸಿಗುತ್ತಿದ್ದ ಲಾಭ ಕಡಿಮೆಯಿತ್ತು, ತಿದ್ದುಪಡಿಯ ನಂತರ ಅದು ಹೆಚ್ಚಾಗಿದೆ. ಯಾರನ್ನೂ ಕಳ್ಳರೆಂದು ನಾನು ದೂರುತ್ತಿಲ್ಲ. ಸುಳ್ಳಿಗೆ ಲಾಭವನ್ನೂ ನಿಜಕ್ಕೆ ತೊಡಕನ್ನೂ ಇಟ್ಟ ವ್ಯವಸ್ಥೆ ಹೇಗೆ ನಡೆಯುತ್ತದೆಂದು ನಮ್ಮ ಮರಳಿನ ರಹದಾರಿಗಳ ಅನುಭವ ಕಂಡ ಕರ್ನಾಟಕದವರಿಗೆ ವಿವರಿಸಬೇಕಿಲ್ಲ.

2025ರ ಏಪ್ರಿಲ್ ಕೊನೆಯಲ್ಲಿ ಲಾಭ ಹಂಚಿಕೆಯ ಹೊಸ ನಿಯಮಾವಳಿ ಹೊರಬಂತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಿಂತ ಕಡಿಮೆ ಇರುವವರು ಏನೂ ಕೊಡಬೇಕಿಲ್ಲ. ಅದಕ್ಕೆ ಮೇಲ್ಪಟ್ಟವರು ಮಾರಾಟದ ಮೇಲೆ ಶೇಕಡಾ 0.2ರಿಂದ 0.6ರವರೆಗೆ, ವಹಿವಾಟಿನ ಗಾತ್ರಕ್ಕೆ ತಕ್ಕಂತೆ. ದೊಡ್ಡ ಕಂಪನಿಗೆ ಇದು ಜಾಹೀರಾತಿನ ಖರ್ಚಿನ ಮುಂದೆ ಏನೇನೂ ಅಲ್ಲ. ಆದರೂ ಆ ಹಣ ನಿಜವಾಗಿ ಬೇರು ಬೆಳೆದ ಕಣಿವೆಗೆ ತಲುಪಿದರೆ, ಒಂದು ಊರಿನ ನರ್ಸರಿಗೂ ಕಾವಲಿಗೂ ಸಾಕಾದೀತು. ತಲುಪಲು ಬೇರು ಎಲ್ಲಿಯದೆಂದು ಗೊತ್ತಿರಬೇಕು. ಮತ್ತೆ ಅದೇ ಗೋಣಿಚೀಲದ ಮುಂದೆ ಬಂದು ನಿಲ್ಲುತ್ತೇವೆ.

ಕೃಷಿಯೇ ಕಾಡನ್ನು ಉಳಿಸುತ್ತದೆ ಎಂಬ ನಂಬಿಕೆಗೆ ಹಿಮಾಲಯದಲ್ಲೇ ಒಂದು ಹಳೆಯ ಪರೀಕ್ಷೆ ನಡೆದಿದೆ. ಕುಷ್ಠ, ಅಲ್ಲಿನವರ ಬಾಯಲ್ಲಿ ಕುಠ್, ಎಂಬ ಸಸ್ಯವನ್ನು ಹಿಮಾಚಲದ ಲಾಹೌಲ್ ಕಣಿವೆಯ ರೈತರು ಸುಮಾರು ನೂರು ವರ್ಷಗಳಿಂದ ಹೊಲದಲ್ಲಿ ಬೆಳೆದಿದ್ದಾರೆ. ಒಂದು ಕಾಲದಲ್ಲಿ ಆ ಕಣಿವೆ ಅದರಿಂದ ಶ್ರೀಮಂತವೂ ಆಯಿತು. ಅಷ್ಟಾದರೂ ಕಾಶ್ಮೀರದ ಕಡೆಯ ಕಾಡಿನ ಕುಷ್ಠ ಉಳಿಯಲಿಲ್ಲ. 1985ರಲ್ಲಿ ಅದನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದದ (ಸೈಟ್ಸ್) ಅತಿ ಕಟ್ಟುನಿಟ್ಟಿನ ಮೊದಲ ಅನುಬಂಧಕ್ಕೆ ಸೇರಿಸಬೇಕಾಯಿತು, ಈಗಲೂ ಅದು ತೀವ್ರ ಅಪಾಯದಲ್ಲಿದೆ. ಅಗೆಯುವವನಿಗೆ ಕಾಡಿನ ಬೇರಿನ ಬಂಡವಾಳ ಒಂದು ದಿನದ ಕೂಲಿ, ರೈತನಿಗೆ ಹೊಲದ ಬೇರಿನ ಬಂಡವಾಳ ಮೂರು ವರ್ಷದ ಭೂಮಿ. ಇಬ್ಬರಿಗೂ ಮಂಡಿಯಲ್ಲಿ ಒಂದೇ ಬೆಲೆ ಸಿಗುತ್ತಿರುವಷ್ಟು ಕಾಲ ಕಾಡಿನದೇ ಅಗ್ಗ. ಮೊದಲನೆಯವನನ್ನು ತಡೆಯುವ ಏರ್ಪಾಡಿಲ್ಲದೆ ಎರಡನೆಯವನಿಗೆ ರಿಯಾಯಿತಿ ಕೊಟ್ಟರೆ ಅರ್ಧ ಕೆಲಸವೂ ಆಗುವುದಿಲ್ಲ.

ಇಷ್ಟು ಹೇಳಿದೆನೆಂದು ಕೃಷಿ ಬೇಡವೆಂದಲ್ಲ. ಉತ್ತರಾಖಂಡದ ಶ್ರೀನಗರದಲ್ಲಿರುವ ಗಢವಾಲ ವಿಶ್ವವಿದ್ಯಾಲಯದ ಎತ್ತರ ಪ್ರದೇಶದ ಸಸ್ಯ ಸಂಶೋಧನಾ ಕೇಂದ್ರ ತುಂಗನಾಥದ ಬಳಿ, ಸಮುದ್ರಮಟ್ಟದಿಂದ 3,600 ಮೀಟರ್ ಎತ್ತರದಲ್ಲಿ, ಇಂಥ ಗಿಡಗಳನ್ನು ಪಳಗಿಸುವ ಕೆಲಸ ಮಾಡುತ್ತ ಬಂದಿದೆ. ಚಮೋಲಿಯ ಮಂಡಲ್‌ನಲ್ಲಿ ಗಿಡಮೂಲಿಕೆ ಸಂಶೋಧನೆಗೆಂದೇ ಸಂಸ್ಥೆಯಿದೆ. ಬೀಜಕ್ಕೆ ತಂಪು ಕೊಟ್ಟು ಮೊಳೆಸುವುದು, ಬೇರಿನ ತುಂಡಿನಿಂದ ಗಿಡ ಮಾಡುವುದು ಈಗ ರಹಸ್ಯವೇನಲ್ಲ. ಭೋಟಿಯಾ ಮಹಿಳೆಯರು ಮನೆಯ ಹಿಂದಿನ ಕಲ್ಲುಗೋಡೆಯ ಪಾತಿಯಲ್ಲಿ ಜಂಬು (ಈರುಳ್ಳಿ ಜಾತಿಯ ಒಗ್ಗರಣೆ ಸೊಪ್ಪು), ಗಂದ್ರಾಯಣಿಗಳನ್ನು ಬೆಳೆಸುವುದು ವಿಜ್ಞಾನಿಗಳು ಹೇಳಿಕೊಡುವ ಮೊದಲಿನಿಂದಲೂ ಇದೆ. 1962ರ ಯುದ್ಧದ ನಂತರ ಟಿಬೆಟ್ಟಿನ ವ್ಯಾಪಾರ ನಿಂತು, ಮುಂದೆ ನಂದಾದೇವಿಯ ಸುತ್ತಲಿನ ಕಾಡು ರಕ್ಷಿತ ಪ್ರದೇಶವಾಗಿ ಮೇವಿನ ಜಾಗವೂ ಕೈತಪ್ಪಿದಾಗ, ಈ ಪಾತಿಗಳು ಹಲವು ಮನೆಗಳಿಗೆ ಆಸರೆಯಾದವು. ಇಂದು ಅದೇ ಊರುಗಳಿಂದ ಯುವಕರು ದೆಹರಾದೂನಿಗೆ, ದಿಲ್ಲಿಗೆ ಹೊರಟಿದ್ದಾರೆ. ಮೂರು ವರ್ಷ ಕಾದು ಬೇರು ಕೀಳುವ ಬೆಳೆಗೆ ಊರಿನಲ್ಲಿ ಉಳಿಯುವ ಮನುಷ್ಯ ಬೇಕು, ಉಳಿಯಲು ಮುಂಚಿತವಾಗಿ ಗೊತ್ತಾದ ಬೆಲೆ ಬೇಕು. ಸಸಿ ಕೊಡುವ ಸರ್ಕಾರಿ ಯೋಜನೆಗಳು ಹಲವಿವೆ, ಬೆಲೆಯ ಭರವಸೆ ಕೊಡುವವು ಬಹಳ ಕಡಿಮೆ.

ಕರ್ನಾಟಕದ ನಂಟು ಎಂದಿದ್ದೆ. ಮಾಕಳಿ ಬೇರಿನ ಉಪ್ಪಿನಕಾಯಿಯನ್ನು ಇಷ್ಟಪಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಮಜ್ಜಿಗೆಯಲ್ಲಿ ನೆನೆದ ಆ ತುಂಡುಗಳ ಘಮ ಒಮ್ಮೆ ಅಂಟಿದರೆ ಬಿಡುವುದಿಲ್ಲ. ಮಾಕಳಿ ಗಜ್ಜರಿಯ ಕುಟುಂಬದ್ದಲ್ಲ, ಬೆಟ್ಟದ ಬಂಡೆಗಳ ನಡುವೆ ಹಬ್ಬುವ ಬಳ್ಳಿ. ಆದರೆ ಅದರ ಹಣೆಬರಹ ಚೋರಾದ್ದೇ. ಬೇಕಾದದ್ದು ಬೇರು, ಬರುವುದು ಬಹುಪಾಲು ಕಾಡಿನಿಂದ, ಕೆಂಪು ಪಟ್ಟಿಯಲ್ಲಿ ಅದರ ಸ್ಥಾನವೂ ಅಳಿವಿನ ಅಪಾಯದ ಸಾಲಿನಲ್ಲೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಸಮುದಾಯ ಹಕ್ಕು ಸಿಕ್ಕಾಗ ಹುಲಿ ರಕ್ಷಿತಾರಣ್ಯದೊಳಗೆ ಅಂಥ ಹಕ್ಕು ಪಡೆದವರಲ್ಲಿ ಅವರೇ ಮೊದಲಿಗರೆಂದು ಸುದ್ದಿಯಾಗಿತ್ತು. ಕಾಡು ತಮ್ಮದೆಂಬ ಖಾತ್ರಿಯಿರುವ ಜನ ಯಾವ ನೆಲ್ಲಿಯಿಂದ ಎಷ್ಟು ಕೊಯ್ಯಬೇಕು, ಯಾವ ಬೇರನ್ನು ಬಿಡಬೇಕು ಎಂಬ ಲೆಕ್ಕ ಇಟ್ಟುಕೊಳ್ಳುತ್ತಾರೆ. ಖಾತ್ರಿಯಿಲ್ಲದವರಿಂದ ಆ ಲೆಕ್ಕವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಉತ್ತರಾಖಂಡದಲ್ಲಿ ಆ ಖಾತ್ರಿಗೆ ಒಂದು ಚೌಕಟ್ಟು ಆಗಲೇ ಇದೆ. ಬ್ರಿಟಿಷರು ಕಾಡನ್ನು ವಶಪಡಿಸಿಕೊಂಡಾಗ ಕುಮಾವೂನಿನ ಜನ ಸಿಡಿದೆದ್ದರು. 1921ರ ಜನವರಿಯಲ್ಲಿ, ಇದೇ ಬಾಗೇಶ್ವರದ ಉತ್ತರಾಯಣಿಯ ದಿನ, ಬಿಟ್ಟಿ ಕೂಲಿಯ ದಾಖಲೆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಆ ಹೋರಾಟದ ಬಿಸಿಯ ಫಲವಾಗಿ 1931ರಲ್ಲಿ ವನ ಪಂಚಾಯತಿಗಳ ನಿಯಮ ಬಂತು. ಇಂದು ಅಂಥ ಹನ್ನೊಂದು ಸಾವಿರಕ್ಕೂ ಹೆಚ್ಚು ಪಂಚಾಯತಿಗಳಿವೆ. ಊರಿನವರೇ ಆರಿಸಿದ ಸಮಿತಿ, ಊರಿಗೆ ಗೊತ್ತಿರುವ ಗಡಿ, ಮೇವಿಗೂ ಸೌದೆಗೂ ಸರದಿಯ ನಿಯಮ, ತಪ್ಪಿದವರಿಗೆ ದಂಡ. ವರ್ಷಗಳು ಕಳೆದಂತೆ ಅರಣ್ಯ ಇಲಾಖೆಯ ಹಿಡಿತ ಬಿಗಿಯಾಗಿ ಅವುಗಳ ಕೈ ಕಟ್ಟಿದಂತಾಗಿದೆ. ಆದರೂ ಅವಸರದಲ್ಲಿ ರಚಿಸಿದ ಜೀವವೈವಿಧ್ಯ ಸಮಿತಿಗಿಂತ ಅವುಗಳಿಗೆ ಬೇರು ಆಳವಾಗಿದೆ.

ನನ್ನ ವಾದ ಇಷ್ಟು. ಚೋರಾದಂಥ ಗಿಡಕ್ಕೆ ಮೂಲ ಪ್ರಮಾಣಪತ್ರ ಕೊಡುವ ಅಧಿಕಾರ ವನ ಪಂಚಾಯತಿಯಂಥ ನೆಲೆಗೊಂಡ ಸಂಸ್ಥೆಯ ಕೈಗೆ ಹೋಗಬೇಕು. ಅದು ಹೊಲದ ಬೇರಿಗಷ್ಟೇ ಸೀಮಿತವಾಗದೆ, ಬೀಜ ಉದುರಿದ ಮೇಲೆ, ಸರದಿಯ ಪ್ರಕಾರ ಅಗೆದ ಕಾಡಿನ ಬೇರಿಗೂ ಸಿಗಬೇಕು. ಆಗ ಕಾಡಿನ ಬೇರನ್ನು ಹೊಲದ್ದೆಂದು ಸುಳ್ಳು ಹೇಳುವ ಅಗತ್ಯವೇ ತಗ್ಗುತ್ತದೆ, ಕಾಯುವವನಿಗೆ ಕಾದದ್ದಕ್ಕೆ ಬೆಲೆ ಬರುತ್ತದೆ. ಯಾವ ಇಳಿಜಾರನ್ನು ಈ ವರ್ಷ ಮುಚ್ಚಬೇಕು, ಯಾವ ತಾರೀಖಿನ ಮೊದಲು ಗುದ್ದಲಿ ಎತ್ತಬಾರದು ಎಂಬುದನ್ನು ಊರೇ ನಿರ್ಧರಿಸಲಿ. ಗಿಡ ಎಷ್ಟಿದೆಯೆಂದು ಎಣಿಸಲು ವಿಜ್ಞಾನಿಗಳು ಅವರ ಜೊತೆ ನಡೆಯಲಿ.

ಲೆಕ್ಕವನ್ನು ಬೆಟ್ಟದ ತುದಿಯಿಂದ ಮಾತ್ರ ಶುರು ಮಾಡುವುದೂ ತಪ್ಪು. ಸಾವಿರಾರು ಅಗೆಯುವವರನ್ನು ಹಿಡಿದು ವಿಚಾರಿಸುವುದು ಕಷ್ಟ, ಕೆಲವೇ ದೊಡ್ಡ ಕೊಳ್ಳುವವರನ್ನು ಕೇಳುವುದು ಸುಲಭ. ಔಷಧ ತಯಾರಿಸುವ ಕಾರ್ಖಾನೆಗೆ ಪರವಾನಗಿ ಇದೆ, ಖರೀದಿ ಪುಸ್ತಕ ಇದೆ, ತೆರಿಗೆಯ ಬಿಲ್ ಇದೆ. ಅಳಿವಿನ ಅಪಾಯದಲ್ಲಿರುವ ಯಾವ ಸಸ್ಯವನ್ನು ಎಷ್ಟು ಕಿಲೋ, ಯಾವ ಜಿಲ್ಲೆಯಿಂದ, ಯಾವ ಪ್ರಮಾಣಪತ್ರದ ಮೇಲೆ ಕೊಂಡೆವೆಂದು ಪ್ರತಿ ವರ್ಷ ಬಹಿರಂಗವಾಗಿ ಪ್ರಕಟಿಸುವ ಹೊಣೆಯನ್ನು ಅವುಗಳ ಮೇಲೆ ಹೊರಿಸಬೇಕು. ಆ ಪಟ್ಟಿ ಸಾರ್ವಜನಿಕವಾದರೆ ಒಂದು ಜಿಲ್ಲೆಯ ಹೊಲಗಳಲ್ಲಿ ಬೆಳೆದದ್ದಕ್ಕಿಂತ ಹೆಚ್ಚು ಹೊಲದ ಬೇರು ಅದೇ ಜಿಲ್ಲೆಯಿಂದ ಮಾರಾಟವಾಗಿದೆಯೇ ಎಂದು ಒಬ್ಬ ಶಾಲಾ ಶಿಕ್ಷಕಿಯೂ ಕೂಡಿ ಕಳೆದು ನೋಡಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಔಷಧ ಪರವಾನಗಿಯ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಆಯುಷ್ ಇಲಾಖೆಯೂ ರಾಜ್ಯದ ಜೀವವೈವಿಧ್ಯ ಮಂಡಳಿಯೂ ಒಟ್ಟಿಗೆ ಕುಳಿತರೆ ಬೆಂಗಳೂರಿನಲ್ಲೇ, ಮಾಕಳಿ ಬೇರಿನಿಂದಲೇ ಇದನ್ನು ಆರಂಭಿಸಬಹುದು.